ನಾಲೆ ಏರಿಯ ಸೈಕಲ್ ದಾರಿ

ನಂಜನಗೂಡು, ತಿರುಮಕೂಡಲು ನರಸೀಪುರ ಎರಡನ್ನೂ ಮುಟ್ಟುವ ಹೆದ್ದಾರಿ ಒಂದೇ. ಕೋಳಿಕ್ಕೋಡಿನಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 766 ಗುಂಡ್ಲುಪೇಟೆ, ನಂಜನಗೂಡು ದಾಟಿ ಮೈಸೂರಿಗೆ ಬರುತ್ತದೆ. ಅಲ್ಲಿಂದ ಪೂರ್ವಕ್ಕೆ ತಿರುಗಿ ನರಸೀಪುರದ ಮೇಲೆ ಕೊಳ್ಳೇಗಾಲಕ್ಕೆ ಹೋಗುತ್ತದೆ. ನಕಾಶೆಯಲ್ಲಿ ನೋಡಿದರೆ ಮೈಸೂರನ್ನು ತುದಿಯಾಗಿಟ್ಟುಕೊಂಡ ತ್ರಿಕೋನದ ಎರಡು ಬದಿಗಳು. ಬಸ್ಸು, ಲಾರಿ, ಹೋಟೆಲು ಎಲ್ಲ ಆ ಎರಡು ಬದಿಗಳ ಮೇಲೆ. ಮೂರನೆಯ ಬದಿ, ಅಂದರೆ ಮೈಸೂರಿಗೆ ಹೋಗದೆ ನಂಜನಗೂಡಿನಿಂದ ನೇರ ನರಸೀಪುರಕ್ಕೆ ಕಪಿಲೆಯ ಜೊತೆಜೊತೆಗೇ ಇಳಿಯುವ ದಾರಿ, ಒಂದೇ ದಾರಿಯಲ್ಲ. ಊರಿನಿಂದ ಊರಿಗೆ ಹೋಗುವ ಹತ್ತಾರು ಸಣ್ಣ ರಸ್ತೆಗಳು, ಗಾಡಿಜಾಡುಗಳು, ನಾಲೆ ಏರಿಗಳು ಸೇರಿ ಆದದ್ದು. ಹಳೇ ಮೈಸೂರು ಸೀಮೆಯ ಹಳ್ಳಿದಾರಿಗಳ ಚರಿತ್ರೆಯ ಬಗ್ಗೆ ಪಿಎಚ್.ಡಿ. ಮಾಡುತ್ತಿರುವ ನಾನು ಎರಡು ವರ್ಷದಿಂದ ಈ ಮೂರನೆಯ ಬದಿಯಲ್ಲಿ ಸೈಕಲ್ ತುಳಿಯುತ್ತಿದ್ದೇನೆ. ಕ್ಷೇತ್ರಕಾರ್ಯಕ್ಕೆ ಬಸ್ಸಿಗಿಂತ ಇದು ಸಲೀಸು. ಬಸ್ಸು ನಿಲ್ಲದ ಕಡೆಯಲ್ಲೇ ನನಗೆ ಬೇಕಾದವರು ಸಿಗುತ್ತಾರೆ.

ಈ ದಾರಿಯ ಗುಣವೆಂದರೆ ಸಮ. ಏರಿಲ್ಲ, ಇಳಿಜಾರಿಲ್ಲ. ಗೇರ್ ಇಲ್ಲದ ಸೈಕಲ್ಲಿನಲ್ಲೂ ಒಂದು ಗಂಟೆ ಒಂದೇ ಹದದಲ್ಲಿ ತುಳಿಯಬಹುದು. ಎಡಕ್ಕೆ ಗದ್ದೆ, ಬಲಕ್ಕೆ ತೆಂಗು, ಅಲ್ಲೊಂದು ಇಲ್ಲೊಂದು ಬಾಳೆತೋಟ. ಕಪಿಲೆ ಒಮ್ಮೆ ಕಾಣುತ್ತಾಳೆ, ಒಮ್ಮೆ ಮರೆಯಾಗುತ್ತಾಳೆ. ಇದರ ಒಂದು ಫೋಟೋವನ್ನು ಕೇಂಬ್ರಿಡ್ಜಿನಲ್ಲಿ ಓದುತ್ತಿರುವ ಗೆಳತಿಗೆ ಕಳಿಸಿದ್ದೆ. ಅವಳು ತಿರುಗಿ ತನ್ನ ಭಾನುವಾರದ ಸೈಕಲ್ ದಾರಿಯ ಫೋಟೋ ಕಳಿಸಿದಳು: ಫೆನ್ಸ್ ಎಂದು ಕರೆಯುವ ಪೂರ್ವ ಇಂಗ್ಲೆಂಡಿನ ಬಯಲು. ದಿಗಂತದವರೆಗೆ ಸಪಾಟು ನೆಲ, ಪಕ್ಕದಲ್ಲಿ ನೇರ ನೀರಿನ ಗೆರೆ, ದೂರದಲ್ಲಿ ಚರ್ಚಿನ ಗೋಪುರ. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅಣ್ಣತಮ್ಮಂದಿರ ಹಾಗಿವೆ. ಆದರೆ ಎರಡು ಸಮತಟ್ಟುಗಳೂ ತದ್ವಿರುದ್ಧ ಕಾರಣಕ್ಕೆ ಹುಟ್ಟಿದವು.

ಫೆನ್ಸ್ ಮೂಲದಲ್ಲಿ ಜೌಗು. ಅಲ್ಲಿಯ ಜನ ಮೀನು, ಬಾತುಕೋಳಿ, ಜೊಂಡು ನಂಬಿ ಬದುಕುತ್ತಿದ್ದರು. 17ನೇ ಶತಮಾನದಲ್ಲಿ ಬೆಡ್‌ಫರ್ಡಿನ ಅರ್ಲ್ ಮತ್ತವನ ಜೊತೆಯ ಬಂಡವಾಳಗಾರರು ಕಾರ್ನೆಲಿಯಸ್ ವರ್ಮುಯ್ಡನ್ ಎಂಬ ಡಚ್ ಎಂಜಿನಿಯರನನ್ನು ಹಿಡಿದು ಆ ಜೌಗಿನ ನೀರನ್ನು ಸಮುದ್ರಕ್ಕೆ ಓಡಿಸಿದರು. ನೀರು ಆದಷ್ಟು ಬೇಗ ಹೋಗಬೇಕಿತ್ತು, ಅದಕ್ಕೇ ಆ ಕಾಲುವೆಗಳು ರೂಲುದೊಣ್ಣೆ ಇಟ್ಟು ಎಳೆದಂತೆ ನೇರ. ಅವುಗಳ ಪಕ್ಕದ ದಾರಿಗಳೂ ನೇರ. ಜೊಂಡು, ಮೀನಿನ ಹಕ್ಕು ಕಳೆದುಕೊಂಡ ಜನ ರಾತ್ರಿ ಬಂದು ಏರಿ ಒಡೆಯುತ್ತಿದ್ದರಂತೆ. ನೀರು ಬಸಿದ ಮೇಲೆ ನೆಲವೇ ಕುಗ್ಗಿತು. ಹೋಮ್ ಎಂಬಲ್ಲಿ 1851ರ ಹೊತ್ತಿಗೆ ನೆಲಮಟ್ಟಕ್ಕೆ ಹೂತ ಕಬ್ಬಿಣದ ಕಂಬ ಈಗ ಸುಮಾರು ನಾಲ್ಕು ಮೀಟರ್ ಮೇಲೆದ್ದು ನಿಂತಿದೆ. ಕಂಬ ಬೆಳೆದಿಲ್ಲ, ನೆಲ ಇಳಿದಿದೆ.

ನಮ್ಮಲ್ಲಿ ಕೆಲಸ ಉಲ್ಟಾ. ಒಣ ನೆಲಕ್ಕೆ ನೀರು ತರಬೇಕು, ತಂದ ನೀರನ್ನು ಆದಷ್ಟು ನಿಧಾನವಾಗಿ, ಎತ್ತರ ಕಳೆದುಕೊಳ್ಳದಂತೆ ದೂರಕ್ಕೆ ಒಯ್ಯಬೇಕು. ನದಿಗೆ ಅಡ್ಡಲಾಗಿ ಒಂದು ಕಟ್ಟೆ. ಅದರ ಪಕ್ಕದಿಂದ ಹೊರಡುವ ನಾಲೆ ನೆಲದ ಒಂದೇ ಎತ್ತರವನ್ನು ಹಿಡಿದು, ದಿಬ್ಬ ಬಂದರೆ ಬಳಸಿ, ಹಳ್ಳ ಬಂದರೆ ಒಳಕ್ಕೆ ಸರಿದು ಹೋಗುತ್ತದೆ. ನದಿ ಬೇಗ ಇಳಿಯುತ್ತದೆ, ನಾಲೆ ನಿಧಾನ ಇಳಿಯುತ್ತದೆ. ಎರಡರ ನಡುವೆ ಅಗಲವಾಗುತ್ತ ಹೋಗುವ ನೆಲವೇ ಅಚ್ಚುಕಟ್ಟು. ಆದ್ದರಿಂದ ನಮ್ಮ ನಾಲೆ ಏರಿಯ ದಾರಿ ಹಾವಿನ ಹಾಗೆ ಸುತ್ತುತ್ತದೆ, ಆದರೆ ಹತ್ತುವುದೇ ಇಲ್ಲ. ನೇರ ದಾರಿಯಲ್ಲಿ ಎರಡು ಮೈಲಿ ಇರುವ ಊರಿಗೆ ಏರಿ ಮೇಲೆ ಮೂರೂವರೆ ಮೈಲಿ. ಸೈಕಲ್ಲಿನವನಿಗೆ ಅದರಿಂದ ನಷ್ಟವಿಲ್ಲ. ಎತ್ತರವನ್ನು ನೀರು ಮೊದಲೇ ಅಳೆದುಕೊಟ್ಟಿರುತ್ತದೆ.

ಈ ಕೆಲಸ ಇಲ್ಲಿ ಹಳೆಯದು. ತಲಕಾಡಿನ ಕಡೆ ಕಾವೇರಿಗೆ ಕಟ್ಟಿದ ಮಾಧವಮಂತ್ರಿ ಅಣೆಕಟ್ಟೆಯನ್ನು ವಿಜಯನಗರದ ಆರಂಭಕಾಲದ್ದು, 14ನೇ ಶತಮಾನದ್ದು ಎನ್ನುತ್ತಾರೆ. ನಂಜನಗೂಡಿನ ಮೇಲ್ಗಡೆ ಹುಲ್ಲಹಳ್ಳಿ ಕಟ್ಟೆ, ಅದರ ಹುಲ್ಲಹಳ್ಳಿ ನಾಲೆ ಮತ್ತು ರಾಂಪುರ ನಾಲೆ. ಆಮೇಲೆ 1974ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಕಬಿನಿ ಜಲಾಶಯ ಮುಗಿಯಿತು. ಅದರ ಬಲದಂಡೆ ನಾಲೆ ನಂಜನಗೂಡು ತಾಲ್ಲೂಕನ್ನು ಹಾದು ನರಸೀಪುರದ ಕಡೆಗೂ ಬಂತು. ಕೃಷ್ಣರಾಜಸಾಗರದಿಂದ ಬರುವ ವರುಣಾ ನಾಲೆ ಎಲ್ಲಕ್ಕಿಂತ ಈಚಿನದು. ಹೀಗೆ ಐದಾರು ಶತಮಾನದ ನೀರು ಒಂದರ ಮೇಲೊಂದು ಗೆರೆ ಎಳೆದಿದೆ. ನಾಲೆಯ ಕೆಳಗೆ ಭತ್ತ, ಕಬ್ಬು. ನಾಲೆಯ ಮೇಲೆ ರಾಗಿ, ಹುರುಳಿ, ಕುರಿ. ಬನ್ನೂರು ಕುರಿಗೆ ಹೆಸರು ಕೊಟ್ಟ ಬನ್ನೂರು ಇದೇ ನರಸೀಪುರ ತಾಲ್ಲೂಕಿನದು. ಏರಿಯ ಮೇಲೆ ಸೈಕಲ್ ತುಳಿಯುವವರು ಎರಡು ಲೋಕಗಳ ಗಡಿಯ ಮೇಲೆ ಹೋಗುತ್ತಿರುತ್ತಾರೆ. ಡಿಸೆಂಬರಿನಲ್ಲಿ ಹೋಗಿ ನೋಡಿ: ಒಂದು ಬದಿಯಲ್ಲಿ ಭತ್ತದ ಕುಯ್ಲು, ಇನ್ನೊಂದು ಬದಿಯ ಊರಿನವರು ಟಾರು ರಸ್ತೆಯ ಮೇಲೇ ರಾಗಿ, ಹುರುಳಿ ಹರಡಿ ಕಣ ಮಾಡಿರುತ್ತಾರೆ. ಅದರ ಮೇಲೆ ಕಾರು ಹೋದರೆ ಕಾಳು ಉದುರಿ ಅವರಿಗೆ ಉಪಕಾರ. ಸೈಕಲ್ ಹೋದರೆ ಸೊಪ್ಪೆ ಚೈನಿಗೆ ಸುತ್ತಿಕೊಂಡು ನಮಗೆ ಉಪದ್ರವ.

ಬರೀ ನಾಲೆ ಅಂದರೆ ಅರ್ಧ ಚರಿತ್ರೆ. ನರಸೀಪುರದ ಸಂಗಮದ ಹತ್ತಿರ ಪ್ರೊ. ಎಂ. ಶೇಷಾದ್ರಿ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ನೆಲೆ ಸಿಕ್ಕಿತು. ಇಲ್ಲಿ ಜನ ನಡೆದಾಡಲು ಶುರುಮಾಡಿ ನಾಲ್ಕು ಸಾವಿರ ವರ್ಷವಾದರೂ ಆಗಿದೆ. ಶಾಸನಗಳ ಕಾಲಕ್ಕೆ ಬಂದರೆ ದಾರಿಗೆ ಹೆಸರೇ ಬೇರೆ. ದಾನ ಕೊಟ್ಟ ಭೂಮಿಯ ಎಲ್ಲೆ ಹೇಳುವಾಗ ಹಳಗನ್ನಡದ ಶಾಸನಕಾರರು ಕಲ್ಲು, ಮರ, ಕಾಲುವೆಗಳ ಜೊತೆಗೆ ‘ಬಟ್ಟೆ’ಯನ್ನೂ ಗುರುತಿಸುತ್ತಾರೆ. ಬಟ್ಟೆ ಎಂದರೆ ದಾರಿ, ದೊಡ್ಡದಾದರೆ ಹೆಬ್ಬಟ್ಟೆ. ಉಡುವ ಬಟ್ಟೆ ಉಳಿಯಿತು, ನಡೆಯುವ ಬಟ್ಟೆ ಮಾತಿನಿಂದ ಮರೆಯಾಯಿತು. ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳನ್ನು ದಾನಿಯ ಹೆಸರಿಗಾಗಿ ಓದದೆ ಈ ಬಟ್ಟೆಗಳಿಗಾಗಿ ಓದಿದರೆ ಬೇರೆಯೇ ಒಂದು ನಕಾಶೆ ಏಳುತ್ತದೆ. ನನ್ನ ಪ್ರಬಂಧದ ಮೊದಲ ಅಧ್ಯಾಯ ಅದೇ.

ನಂಜನಗೂಡಿನ ಸೇತುವೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಕಪಿಲೆಗೆ 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ ಕಲ್ಲಿನ ಸೇತುವೆ ಅದು. ದಳವಾಯಿಗಳ ಊರು ಕಳಲೆ ಅಲ್ಲಿಂದ ಕೂಗಳತೆ. ಕಟ್ಟಿಸಿದ ದಳವಾಯಿಗೆ ರೈಲಿನ ಕನಸೂ ಇರಲಿಕ್ಕಿಲ್ಲ, ಆದರೆ 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ಮೀಟರ್‌ಗೇಜ್ ಬಂದು ಅದೇ ಸೇತುವೆಯ ಮೇಲೆ ರೈಲೂ ಓಡಿತು, ಪಕ್ಕದಲ್ಲೇ ಎತ್ತಿನಗಾಡಿ, ಸೈಕಲ್ಲೂ ಹೋದವು. ಒಂದೂವರೆ ಶತಮಾನದ ಹಿಂದಿನ ಗಾರೆಗಲ್ಲಿನ ಕೆಲಸ ಉಗಿಬಂಡಿಯ ಭಾರ ತಡೆದದ್ದು ಸಣ್ಣ ಮಾತಲ್ಲ.

ಇನ್ನು ಸೈಕಲ್. ಅದು ಬಂದದ್ದು ಇಂಗ್ಲೆಂಡಿನಿಂದಲೇ. ನಾಟಿಂಗ್‌ಹ್ಯಾಮಿನ ರ‍್ಯಾಲಿ, ಬರ್ಮಿಂಗ್‌ಹ್ಯಾಮಿನ ಹರ್ಕ್ಯುಲಿಸ್, ಬಿಎಸ್‌ಎ. ಅಲ್ಲಿ 1878ರಷ್ಟು ಹಿಂದೆಯೇ ಸೈಕಲ್ಲಿನಲ್ಲಿ ಊರು ಸುತ್ತುವವರ ಕ್ಲಬ್ಬು ಹುಟ್ಟಿ, ಒಳ್ಳೆಯ ರಸ್ತೆ ಬೇಕೆಂದು ಗಲಾಟೆ ಮಾಡುತ್ತಿತ್ತು. ಕಾರಿಗಿಂತ ಮೊದಲು ಟಾರು ರಸ್ತೆ ಕೇಳಿದವರು ಸೈಕಲ್ಲಿನವರು. ಅಲ್ಲಿಯ ಹಳ್ಳಿದಾರಿಗಾಗಿ ರೂಪಿಸಿದ ಕಪ್ಪು ಬಣ್ಣದ, ಕಡ್ಡಿ ಬ್ರೇಕಿನ, ನೆಟ್ಟಗೆ ಕೂರುವ ಸೈಕಲ್ಲೇ ನಮ್ಮ ‘ದೊಡ್ಡ ಸೈಕಲ್’. ಸ್ವಾತಂತ್ರ್ಯದ ನಂತರ ಅದೇ ನಮೂನೆ ಇಲ್ಲೇ ತಯಾರಾಗತೊಡಗಿತು: 1949ರಲ್ಲಿ ಮದರಾಸಿನ ಅಂಬತ್ತೂರಿನಲ್ಲಿ ಟಿಐ ಸೈಕಲ್ಸ್, ಐವತ್ತರ ದಶಕದಲ್ಲಿ ಅಟ್ಲಾಸ್, ಏವನ್, ಹೀರೋ. ಆಗ ಅದು ಮೇಷ್ಟರು, ಶಾನುಭೋಗರ ಮನೆ ದಾಟಿ ರೈತನ ಮನೆಗೆ ಬಂತು. ಮದುವೆಯ ಮಾತುಕತೆಯಲ್ಲಿ ವಾಚು, ಸೈಕಲ್ಲು ಸೇರಿಕೊಂಡವು. ಪುರಸಭೆಯವರು ವರ್ಷವರ್ಷ ಸುಂಕ ತೆಗೆದುಕೊಂಡು ಸೈಕಲ್ಲಿಗೆ ಬಿಲ್ಲೆ ಕೊಡುತ್ತಿದ್ದರು. ರಾತ್ರಿ ದೀಪವಿಲ್ಲದೆ ಹೊರಟರೆ ದಂಡ. (ಈಗ ನಂಜನಗೂಡು ರಸ್ತೆಯ ಕಡಕೊಳದ ಹತ್ತಿರ ಟಿವಿಎಸ್ ಕಾರ್ಖಾನೆಯಿದೆ, ಸೈಕಲ್ಲನ್ನು ಅಟ್ಟಕ್ಕೆ ಹತ್ತಿಸಿದ ದ್ವಿಚಕ್ರಗಳು ಅಲ್ಲೇ ಹುಟ್ಟುತ್ತವೆ.)

ಇಷ್ಟು ಹೊತ್ತೂ ಹೇಳಿದ್ದು ಪುಸ್ತಕ, ಕಡತಗಳಲ್ಲಿ ಸಿಗುವ ಮಾತು. ಕಡತಗಳಲ್ಲಿ ಸಿಗದ ಪ್ರಶ್ನೆ ಒಂದಿತ್ತು. ನಾಲೆ ಏರಿ ಸುತ್ತು ದಾರಿ. ಊರೊಳಗಿನ ರಸ್ತೆ ಹತ್ತಿರದ್ದು, ಅರವತ್ತು, ಎಪ್ಪತ್ತರ ದಶಕಗಳಲ್ಲಿ ಏರಿಗಿಂತ ಗಟ್ಟಿಯಾದದ್ದು ಕೂಡ. ನರಸೀಪುರ ತಾಲ್ಲೂಕಿನ ಕೆಲವು ಕಡೆ ಎರೆಮಣ್ಣು. ಮಳೆ ಬಿದ್ದರೆ ಏರಿಯ ಮೇಲೆ ಮಣ್ಣು ಮಡ್‌ಗಾರ್ಡಿಗೆ ಮೆತ್ತಿ ಚಕ್ರ ತಿರುಗದು. ಹಾಗಿದ್ದೂ ನಾನು ಮಾತಾಡಿಸಿದ ಕೆಲವು ಹಿರಿಯರು ದಿನಾಲೂ ಏರಿಯ ಮೇಲೇ ಹೋಗಿ ಬರುತ್ತಿದ್ದರು. ಯಾಕೆ?

ಉತ್ತರ ಕೊಟ್ಟವರು ಎಂಬತ್ತರ ಹತ್ತಿರದ ಒಬ್ಬ ತಾತ. ನರಸೀಪುರದಲ್ಲಿ ಕೂಲಿ ಕೆಲಸಕ್ಕಿದ್ದವರು. ಊರಿನ ಹೆಸರೂ ಅವರ ಹೆಸರೂ ಇಲ್ಲಿ ಬೇಡ. ‘ಅವ್ರ ಬೀದಿ ಬಾಯ್ಗ ಬಂದೇಟ್ಗ ಇಳಿಬೇಕಾಗಿತ್ತು ಕನ ಕೂಸು. ತಳ್ಕಂಡು ಓಗಿ ಆಚಗ ಹತ್ತದು. ಎರಡೂರು ದಾಟ್ಬೇಕು. ಓಗೋವಾಗ ಎರಡ್ ಸತಿ, ಬರೋವಾಗ ಎರಡ್ ಸತಿ. ಜಿನಕ್ಕ ನಾಕ್ ಸತಿ ಇಳ್ದು ನಾಕ್ ಸತಿ ಹತ್ತಿವ್ನಿ.’ ಸ್ವಂತ ದುಡ್ಡಿನಲ್ಲಿ ಕೊಂಡ ಸೈಕಲ್. ಮೇಲ್ಜಾತಿಯವರ ಬೀದಿಯಲ್ಲಿ ಅದರ ಮೇಲೆ ಕೂತು ಹೋಗುವ ಹಾಗಿಲ್ಲ. ಕೂತು ಹೋದರೆ ಸಂಜೆ ನ್ಯಾಯ, ದಂಡ. ಸಂವಿಧಾನದ 17ನೇ ವಿಧಿ 1950ರಿಂದಲೇ ಇತ್ತು, ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ 1955ರಿಂದ ಇತ್ತು. ತಾತ ಸೈಕಲ್ ಕೊಂಡದ್ದು ಅವೆರಡೂ ಬಂದ ಎಷ್ಟೋ ವರ್ಷದ ಮೇಲೆ.

‘ಏರಿ ಮ್ಯಾಲ ಯಾರ ಅಪ್ಪುಂದು? ಅದು ಸರ್ಕಾರದ್ದು.’ ತಾತನ ವಿವರಣೆ ಇಷ್ಟೇ. ನಾಲೆ ಏರಿ ನೀರಾವರಿ ಇಲಾಖೆಯದು, ಯಾವ ಬೀದಿಯೊಳಗೂ ಹಾಯುವುದಿಲ್ಲ. ಊರುಗಳನ್ನು ತಪ್ಪಿಸಿ ಹೋಗುತ್ತದೆ. ಒಂದು ಮೈಲಿ ಹೆಚ್ಚಾದರೂ ಇಳಿಯದೆ ತುಳಿಯಬಹುದು. ಫೆನ್ಸಿನ ಏರಿಯ ಮೇಲೆ ಹಳ್ಳಿಯ ಗದ್ದಲ ತಪ್ಪಿಸಿ ಹೋಗುವುದನ್ನು ನನ್ನ ಗೆಳತಿ ಅದೊಂದು ಸುಖ ಎನ್ನುತ್ತಾಳೆ. ಇಲ್ಲಿ ಅದೇ ಸಮತಟ್ಟು ದಾರಿ ಒಂದು ತಲೆಮಾರಿಗೆ ಮರ್ಯಾದೆಯ ದಾರಿಯಾಗಿತ್ತು. ಬೇರೆ ಬೇರೆ ಊರಿನ ಇನ್ನೂ ಕೆಲವರು ಇದನ್ನೇ ಹೇಳಿದರು. ಒಬ್ಬರಂತೂ ನಾನು ಕೇಳುವ ಮೊದಲೇ ಏರಿಯ ಮೇಲೆ ಎಲ್ಲೆಲ್ಲಿ ತೂಬು, ಎಲ್ಲಿ ಸೈಕಲ್ ಎತ್ತಿ ದಾಟಿಸಬೇಕು ಎಂದು ಬೆರಳು ಮಡಿಸಿ ಎಣಿಸಿದರು.

ಇದರಲ್ಲಿ ಇನ್ನೊಂದು ಎಳೆಯಿದೆ. ಏರಿಯ ಮೇಲೆ ಮೊದಲಿನಿಂದ ಓಡಾಡುತ್ತಿದ್ದವನು ನೀರುಗಂಟಿ. ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವವನು. ಹಳೇ ಮೈಸೂರಿನ ಬಹಳ ಊರುಗಳಲ್ಲಿ ಆ ಕೆಲಸ ದಲಿತರದ್ದು. ಊರಿನ ಬಾವಿ ಮುಟ್ಟಬಾರದವನ ಕೈಯಲ್ಲಿ ಊರಿನ ಅಷ್ಟೂ ಗದ್ದೆಯ ನೀರು. ಅಗೆದವರೂ ಹೆಚ್ಚಾಗಿ ಅವರೇ, ವರ್ಷವರ್ಷ ಹೂಳೆತ್ತಿದವರೂ ಅವರೇ. ಹಾಗಾಗಿ ಏರಿಯ ತಿರುವು, ತೂಬು, ಮೋರಿಗಳ ಜ್ಞಾನ ಕೇರಿಯಲ್ಲಿ ಮೊದಲೇ ಇತ್ತು. ಸೈಕಲ್ ಬಂದಾಗ ಅದು ಕೆಲಸಕ್ಕೆ ಬಂತು. 1974 ಈ ದೃಷ್ಟಿಯಲ್ಲಿ ವಿಚಿತ್ರ ವರ್ಷ. ಕಬಿನಿ ಜಲಾಶಯ ಮುಗಿದದ್ದೂ ಆಗ, ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂದದ್ದೂ ಆಗ. ನೀರು ಮತ್ತು ನೆಲ ಒಟ್ಟಿಗೇ ಕೈ ಬದಲಾಯಿಸುವ ಮಾತು ಬಂತು. ನೆಲ ಎಷ್ಟು ಜನರ ಕೈಗೆ ಬಂತು ಎನ್ನುವುದು ಬೇರೆ ಲೇಖನದ ವಿಷಯ, ಆದರೆ ಹೊಸ ಏರಿಗಳಂತೂ ಬಂದವು.

ಈ ಸೀಮೆಯಲ್ಲಿ ದಾರಿಯ ಪ್ರಶ್ನೆಯನ್ನು ಬಹಿರಂಗವಾಗಿ ಎತ್ತಿದವರೂ ಇದ್ದರು. ನಂಜನಗೂಡು ತಾಲ್ಲೂಕಿನ ತಗಡೂರು ರಾಮಚಂದ್ರರಾಯರು ಖಾದಿಯ ಜೊತೆಗೆ ಅಸ್ಪೃಶ್ಯತೆಯ ವಿರುದ್ಧದ ಕೆಲಸವನ್ನೂ ಹಿಡಿದವರು. ಬದನವಾಳಿನಲ್ಲಿ ಖಾದಿ ಕೇಂದ್ರ ಬೆಳೆಯಿತು. 1934ರ ಆರಂಭದಲ್ಲಿ ಹರಿಜನ ಯಾತ್ರೆಯಲ್ಲಿದ್ದ ಗಾಂಧಿ ಈ ಕಡೆಗೂ ಬಂದು ಹೋದರು. ಅಂಥ ಬದನವಾಳಿನಲ್ಲೇ 1993ರ ಮಾರ್ಚಿನಲ್ಲಿ, ಸಿದ್ಧೇಶ್ವರ ದೇವಸ್ಥಾನದ ಪ್ರವೇಶದ ಜಗಳ ಬೆಳೆದು ಮೂವರು ದಲಿತರ ಕೊಲೆಯಾಯಿತು. ದಲಿತರ ಕೇರಿಗೂ ಲಿಂಗಾಯತರ ಬೀದಿಗೂ ನಡುವೆ ಇದ್ದ ಓಣಿಯಲ್ಲಿ ಓಡಾಟ ನಿಂತುಹೋಯಿತು. 2022ರ ಅಕ್ಟೋಬರ್ 2ರಂದು ಭಾರತ ಜೋಡೋ ಯಾತ್ರೆ ಅಲ್ಲಿಗೆ ಬಂದಾಗ ಆ ಓಣಿಗೆ ಹೊಸದಾಗಿ ಹಾಸುಬಿಲ್ಲೆ ಹಾಕಿ, ಎರಡೂ ಕಡೆಯವರು ಒಟ್ಟಿಗೆ ಕೂತು ಉಂಡು, ದಾರಿ ಮತ್ತೆ ತೆರೆಯಿತು. ಯಾತ್ರೆ ಯಾವ ಪಕ್ಷದ್ದು ಎನ್ನುವುದನ್ನು ಬದಿಗಿಡಿ. ನಾನು ಚರಿತ್ರೆಯ ವಿದ್ಯಾರ್ಥಿನಿ, ನನಗೆ ಕಾಣುವುದು ಇಷ್ಟು: ಒಂದೇ ಊರಿನೊಳಗಿನ ಒಂದು ಸಣ್ಣ ಓಣಿ, 29 ವರ್ಷ. ಉಪಗ್ರಹದ ಚಿತ್ರದಲ್ಲಿ ಅದು ಅಷ್ಟೂ ವರ್ಷ ದಾರಿಯಾಗಿಯೇ ಕಾಣುತ್ತಿತ್ತು.

ಈ ಕಾರಣಕ್ಕೇ ಸೈಕಲ್ ಆಪುಗಳು ತೋರಿಸುವ ‘ಸುಂದರ ಗ್ರಾಮೀಣ ಮಾರ್ಗ’ಗಳನ್ನು ನೋಡಿದಾಗ ನನಗೆ ಸ್ವಲ್ಪ ತಡೆಯುತ್ತದೆ. ಭಾನುವಾರ ಬೆಳಗ್ಗೆ ಮೈಸೂರಿನಿಂದ ಹೆಲ್ಮೆಟ್ಟು ಹಾಕಿಕೊಂಡು ಬರುವ ತಂಡಗಳು ಸುತ್ತೂರು, ಸೋಮನಾಥಪುರ, ತಲಕಾಡು ಎಂದು ಸುತ್ತು ಹೊಡೆಯುತ್ತವೆ. ಬರಲಿ, ಒಳ್ಳೆಯದೇ. ಟೀ ಅಂಗಡಿಗೆ ವ್ಯಾಪಾರ, ಮಕ್ಕಳಿಗೆ ನೋಡಲು ಮೋಜು. ಅವರ ಆಪಿನಲ್ಲಿ ದೂರ, ಏರು, ವೇಗ ಮೂರೂ ಬರುತ್ತವೆ. ಎಲ್ಲಿ ಇಳಿದಿರಿ ಎಂದು ಕೇಳುವ ಕಾಲಂ ಇಲ್ಲ.

ಏರಿ ಎಲ್ಲರಿಗೂ ಬಿಡುಗಡೆಯ ದಾರಿಯಾಗಿತ್ತು ಎಂದು ಬರೆದರೆ ಅದೂ ಪೂರ್ತಿ ನಿಜವಾಗದು. ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ನಾನು ಎಂಟನೇ ತರಗತಿಗೆ ಬಂದಾಗ ನನಗೂ ಒಂದು ಬಂತು. ನರಸೀಪುರದ ಆಚೆ ನಮ್ಮೂರಿನಿಂದ ಹೈಸ್ಕೂಲಿಗೆ ನಾಲ್ಕು ಕಿಲೋಮೀಟರ್, ನಾಲೆ ಏರಿಯ ಮೇಲೆ ಐದು. ಅವ್ವ ಹಾಕಿದ ಮೊದಲ ಷರತ್ತೇ ‘ಏರಿ ಮ್ಯಾಲ ಓಗ್ಕೂಡ್ದು’ ಎಂದು. ಏರಿಯ ಮೇಲೆ ಮನೆಯಿಲ್ಲ, ಜನರಿಲ್ಲ, ಕೂಗಿದರೆ ಕೇಳುವವರಿಲ್ಲ. ಹುಡುಗಿಯರು ನಾಲ್ಕೈದು ಜನ ಸೇರಿ ಊರೊಳಗಿನ ರಸ್ತೆಯಲ್ಲೇ ಹೋಗಬೇಕು. ತಾತನಿಗೆ ಯಾರ ಕಣ್ಣು ಬೇಡವಾಗಿತ್ತೋ ಅದೇ ಬೀದಿಯ ಕಣ್ಣು ನಮಗೆ ಕಾವಲು. ಆ ಬೀದಿಗಳಲ್ಲಿ ನಾವು ಗಂಟೆ ಬಾರಿಸಿಕೊಂಡು, ಎರಡು ಜಡೆ ಹಾರಿಸಿಕೊಂಡು ಹೋಗುತ್ತಿದ್ದೆವು. ನಮ್ಮ ಗುಂಪಿನಲ್ಲಿ ಕೇರಿಯ ಹುಡುಗಿಯರೂ ಇದ್ದರು, ಯಾರೂ ಇಳಿಯಲಿಲ್ಲ. ಜಗಲಿಯ ಮೇಲೆ ಕೂತ ಕೆಲವು ಮುದುಕರು ನೋಡುವ ನೋಟ ಮಾತ್ರ ಬೇರೆಯಾಗಿತ್ತು ಎಂದು ಆ ಗೆಳತಿಯರಲ್ಲಿ ಒಬ್ಬಳು ಈಚೆಗೆ ಹೇಳಿದಳು. ನನ್ನ ಕಡೆಗೆ ಆ ನೋಟ ಬಿದ್ದಿರಲಿಲ್ಲ.

ಈ ಸೀಮೆಯ ಮಾತು ಕನ್ನಡ ಸಾಹಿತ್ಯಕ್ಕೆ ಹೊಸದಲ್ಲ. ನಂಜನಗೂಡು ತಾಲ್ಲೂಕಿನ ದೇವನೂರಿನ ಮಹಾದೇವ ಇದೇ ಮಾತಿನಲ್ಲಿ ‘ಕುಸುಮಬಾಲೆ’ ಬರೆದು, ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಚರಿತ್ರೆಯ ಪ್ರಬಂಧಗಳಿಗೆ ಮಾತ್ರ ಆ ಮಾತು ಇನ್ನೂ ಅಡಿಟಿಪ್ಪಣಿಯಲ್ಲೇ ನಿಂತಿದೆ. ತಾತ ಹೇಳಿದ್ದನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ಮೊದಲ ಕರಡಿನಲ್ಲಿ ಬರೆದಿದ್ದೆ, ‘ಅವರು ಸೈಕಲ್ಲಿನಿಂದ ಇಳಿಯಬೇಕಾಗುತ್ತಿತ್ತು’ ಎಂದು. ಓದಿದರೆ ಅವರಿಗೇನೋ ಕಾಲುನೋವು ಇತ್ತೇನೋ ಅನ್ನಿಸುವಂತಿತ್ತು. ಈಗ ಅವರ ಮಾತನ್ನೇ ಇಟ್ಟಿದ್ದೇನೆ.

ಪ್ರಬಂಧಕ್ಕಾಗಿ ಒಂದು ನಕಾಶೆ ಮಾಡುತ್ತಿದ್ದೇನೆ. ನಂಜನಗೂಡಿನಿಂದ ನರಸೀಪುರದವರೆಗೆ ಹಳೆಯ ಸೈಕಲ್ ಸವಾರರು ನೆನಪಿಸಿಕೊಂಡ ದಾರಿಗಳನ್ನು ಬೇರೆ ಬೇರೆ ಬಣ್ಣದಲ್ಲಿ ಎಳೆಯುವುದು. ಶಾನುಭೋಗರ ಮನೆಯ, ಗೌಡರ ಮನೆಯ ಗಂಡಸರ ಗೆರೆ ಊರುಗಳ ನಡುಬೀದಿಯಲ್ಲೇ ಹಾದು ಹೋಗುತ್ತದೆ, ಅಲ್ಲಲ್ಲಿ ಹೋಟೆಲಿನ ಮುಂದೆ ನಿಲ್ಲುತ್ತದೆ. ಕೇರಿಯ ಗಂಡಸರ ಗೆರೆ ಪ್ರತಿ ಊರಿನ ಹತ್ತಿರ ಬಂದು ಏರಿಗೆ ಹತ್ತಿ, ಬಳಸಿ, ಮುಂದೆ ಮತ್ತೆ ರಸ್ತೆಗೆ ಇಳಿಯುತ್ತದೆ. 2006ರ ನಂತರದ ಹುಡುಗಿಯರ ಗೆರೆ ಚಿಕ್ಕದು, ಹೈಸ್ಕೂಲಿನವರೆಗೆ ಮಾತ್ರ. ಅದಕ್ಕಿಂತ ಹಿಂದಿನ ಹೆಂಗಸರ ಸೈಕಲ್ ಗೆರೆ ಒಂದೂ ಸಿಕ್ಕಿಲ್ಲ; ಅವರು ನೆನಪಿಸಿಕೊಂಡದ್ದೆಲ್ಲ ನಡೆದ ದಾರಿ, ಇಲ್ಲವೇ ಕ್ಯಾರಿಯರ್ ಮೇಲೆ ಕೂತು ಹೋದ ದಾರಿ. ಎಲ್ಲ ಬಣ್ಣವೂ ಒಂದರ ಮೇಲೊಂದು ಬೀಳುವ ಜಾಗಗಳು ಸದ್ಯಕ್ಕೆ ಎರಡೇ ಸಿಕ್ಕಿವೆ. ಒಂದು, ದಳವಾಯಿಯ ಸೇತುವೆ. ಇನ್ನೊಂದು, ನರಸೀಪುರದ ಒಂದು ಪಂಕ್ಚರ್ ಅಂಗಡಿ. ಅಲ್ಲಿ ಎಲ್ಲರೂ ಇಳಿಯಲೇಬೇಕಿತ್ತು.